ಸಭಾಂಗಣಕ್ಕೆ ಕೊಡುವವರಿದ್ದಾರೆ, ಕರೆಂಟ್ ಬಿಲ್ಲಿಗೆ ಯಾರು?

ಪ್ರಶ್ನೆ: ನಮ್ಮದು ಉತ್ತರ ಕರ್ನಾಟಕದ ಜಿಲ್ಲಾ ಕೇಂದ್ರವೊಂದರಲ್ಲಿರುವ ಸಣ್ಣ ಕಲಾ ಸಂಗ್ರಹಾಲಯ. ಈ ಭಾಗದ ಡ್ರಾಯಿಂಗ್ ಮಾಸ್ತರರು, ನಾಟಕ ಕಂಪನಿಗಳಿಗೆ ಪರದೆ ಬರೆದವರು ಬಿಟ್ಟುಹೋದ ತೈಲಚಿತ್ರ, ಜಲವರ್ಣ ಮತ್ತು ರೇಖಾಚಿತ್ರಗಳು ಸುಮಾರು 400 ಇವೆ. ನೋಂದಾಯಿತ ಟ್ರಸ್ಟ್ ಇದೆ, ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ 12ಎಬಿ ಮತ್ತು ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡುವ 80ಜಿ ನೋಂದಣಿ ಎರಡೂ ಇವೆ. ವರ್ಷದ ಖರ್ಚು 9 ಲಕ್ಷ ರೂಪಾಯಿ ದಾಟುತ್ತದೆ. ಪ್ರವೇಶ ಶುಲ್ಕದಿಂದ ಬರುವುದು ಅದರ ಹತ್ತರಲ್ಲೊಂದು ಪಾಲೂ ಅಲ್ಲ. ಈಗ ಊರಿನ ವರ್ತಕರೊಬ್ಬರು ಹೊಸ ಸಭಾಂಗಣಕ್ಕೆ 40 ಲಕ್ಷ ರೂಪಾಯಿ ಕೊಡಲು ಮುಂದೆ ಬಂದಿದ್ದಾರೆ. ಅದಕ್ಕೆ ತಂದೆಯವರ ಹೆಸರಿಡಬೇಕು, ಟ್ರಸ್ಟಿನಲ್ಲಿ ತಮ್ಮ ಮನೆಯವರೊಬ್ಬರಿಗೆ ಸ್ಥಾನ ಕೊಡಬೇಕು, ಮೊಮ್ಮಗಳ ಚಿತ್ರಗಳನ್ನು ಕಾಯಂ ಆಗಿ ತೂಗುಹಾಕಬೇಕು ಎನ್ನುತ್ತಾರೆ. ಒಪ್ಪಬೇಕೇ? ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೂ ಪ್ರಯತ್ನಿಸಬಹುದೇ?
— ಟ್ರಸ್ಟ್ ಕಾರ್ಯದರ್ಶಿ (ಹೆಸರು ಬೇಡ)

ಉತ್ತರ: ಮಾನ್ಯರೇ, ಆ ಹಿರಿಯರ ಮೂರು ಕೋರಿಕೆಗಳು ಒಂದೇ ಜಾತಿಯವಲ್ಲ. ತಂದೆಯ ಹೆಸರಿಡುವುದರಲ್ಲಿ ತಪ್ಪೇನೂ ಇಲ್ಲ. ನಮ್ಮ ಊರುಗಳ ಛತ್ರ, ಶಾಲೆ, ವಾಚನಾಲಯಗಳೆಲ್ಲ ಎದ್ದು ನಿಂತದ್ದು ಹೀಗೆಯೇ. ಆ ಹೆಸರು ಎಷ್ಟು ವರ್ಷ ಇರುತ್ತದೆ, ಕಟ್ಟಡವನ್ನು ಮುಂದೆ ನವೀಕರಿಸಿದರೆ ಅದರ ಗತಿಯೇನು ಎಂಬುದನ್ನು ಮಾತ್ರ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಟ್ರಸ್ಟಿನ ಸ್ಥಾನ ಮತ್ತು ಗೋಡೆಯ ಮೇಲಿನ ಜಾಗ ಇವೆರಡು ಮಾರಾಟದ ವಸ್ತುಗಳಲ್ಲ. ಮೊಮ್ಮಗಳಿಗೆ ನಿಜವಾದ ಪ್ರತಿಭೆ ಇದ್ದರೆ ಆಯ್ಕೆ ಸಮಿತಿಯ ಮುಂದೆ ಎಲ್ಲರಂತೆ ಆಕೆಯ ಚಿತ್ರಗಳೂ ಬರಲಿ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ನಿರ್ವಹಣೆಯ ವಿಷಯದಲ್ಲಿ ರಾಜ್ಯ ಸರ್ಕಾರ 2015ರಲ್ಲಿ ಖಾಸಗಿ ಪ್ರತಿಷ್ಠಾನವೊಂದರ ಜೊತೆ ಒಪ್ಪಂದ ಮಾಡಿಕೊಂಡಾಗ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದ್ದು, ಕೊನೆಗೆ ಆ ಒಪ್ಪಂದವನ್ನೇ ಕೈಬಿಟ್ಟದ್ದು ನಿಮಗೆ ನೆನಪಿರಬಹುದು. ಅಲ್ಲಿ ಯಾರ ಉದ್ದೇಶ ಎಷ್ಟು ಒಳ್ಳೆಯದಿತ್ತು ಎಂಬ ಚರ್ಚೆ ಬೇರೆ. ಹಣ ಕೊಡುವವರ ಕೈಗೆ ಯಾವ ಅಧಿಕಾರ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದು ಮೊದಲೇ ಸ್ಪಷ್ಟವಾಗಿರದಿದ್ದರೆ ಸಂಸ್ಥೆಯ ಮೇಲಿನ ವಿಶ್ವಾಸವೇ ಹೋಗುತ್ತದೆ. ಆದ್ದರಿಂದ ದಾನ ಸ್ವೀಕರಿಸುವ ನಿಯಮಗಳನ್ನು ಒಂದೆರಡು ಪುಟದಲ್ಲಿ ಬರೆದು, ಟ್ರಸ್ಟ್ ಸಭೆಯಲ್ಲಿ ಠರಾವು ಮಾಡಿಸಿ, ಅದನ್ನು ಹಿಡಿದುಕೊಂಡೇ ಆ ಹಿರಿಯರ ಮನೆಗೆ ಹೋಗಿ. "ನಿಮಗೊಬ್ಬರಿಗೆ ಇಲ್ಲ ಎನ್ನುತ್ತಿಲ್ಲ, ಎಲ್ಲರಿಗೂ ಇದೇ ನಿಯಮ" ಎಂದಾಗ ಯಾರಿಗೂ ಅವಮಾನವಾಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸಭಾಂಗಣ ಕಟ್ಟಿದ ಮರುದಿನದಿಂದಲೇ ನಿಮ್ಮ 9 ಲಕ್ಷದ ಖರ್ಚು ಏರತೊಡಗುತ್ತದೆ. ದೀಪ, ಫ್ಯಾನು, ಕಾವಲು, ಕಸಗುಡಿಸುವವರ ಸಂಬಳ, ಮಳೆಗಾಲದಲ್ಲಿ ಸೋರುವ ತಾರಸಿ, ಇವುಗಳ ಮೇಲೆ ಯಾರೂ ಅಮೃತಶಿಲೆಯ ಫಲಕ ಹಾಕಿಸುವುದಿಲ್ಲ. ಹೀಗಾಗಿ 40 ಲಕ್ಷವನ್ನೂ ಇಟ್ಟಿಗೆ ಸಿಮೆಂಟಿಗೆ ಸುರಿಯದೆ, 28 ಲಕ್ಷದಲ್ಲಿ ಸ್ವಲ್ಪ ಚಿಕ್ಕ ಸಭಾಂಗಣ ಕಟ್ಟಿ, ಉಳಿದ 12 ಲಕ್ಷವನ್ನು ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸುವ ಅದೇ ಹೆಸರಿನ ಮೂಲನಿಧಿಯಾಗಿ ಇಡೋಣವೆಂದು ದಾನಿಗಳನ್ನು ಕೇಳಿ. ಬ್ಯಾಂಕಿನಲ್ಲಿ ಶೇ. 7ರ ಬಡ್ಡಿ ಸಿಕ್ಕರೆ ವರ್ಷಕ್ಕೆ 84,000, ಅಂದರೆ ತಿಂಗಳಿಗೆ 7,000 ರೂಪಾಯಿ ಬರುತ್ತದೆ. ಇದು ದೊಡ್ಡ ಮೊತ್ತವಲ್ಲ, ಆದರೆ ಯಾರ ಮುಂದೆಯೂ ಕೈಚಾಚದೆ ಬರುವ ಮೊತ್ತ. ಮೂಲನಿಧಿಗೆ ಕೊಡುತ್ತಿರುವುದಾಗಿ ದಾನಿಯಿಂದ ಲಿಖಿತ ಪತ್ರ ಪಡೆಯುವುದನ್ನು ಮರೆಯಬೇಡಿ. ಆ ಪತ್ರವಿಲ್ಲದಿದ್ದರೆ ಅದು ಆ ವರ್ಷದ ಸಾಮಾನ್ಯ ಆದಾಯವೆಂದು ಲೆಕ್ಕವಾಗಿ, ಶೇ. 85ರಷ್ಟನ್ನು ಖರ್ಚು ಮಾಡಿ ತೋರಿಸುವ ನಿಯಮದೊಳಕ್ಕೆ ಬಂದುಬಿಡುತ್ತದೆ.

ಸಿಎಸ್‌ಆರ್ ಬಗ್ಗೆ ಹೇಳುವುದಾದರೆ, ಪ್ರಯತ್ನ ಖಂಡಿತ ಮಾಡಿ, ಆದರೆ ಅದರ ಸ್ವಭಾವವನ್ನು ತಿಳಿದು ಮಾಡಿ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಂಪರೆ, ಕಲೆ ಮತ್ತು ಸಂಸ್ಕೃತಿಯ ರಕ್ಷಣೆ, ಕಲಾಕೃತಿಗಳ ಪುನಶ್ಚೇತನ ಎಂಬ ಬಾಬ್ತು ಸ್ಪಷ್ಟವಾಗಿಯೇ ಇದೆ. ಕಾಯ್ದೆಗೆ ಒಳಪಡುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಆದ್ದರಿಂದ ಬೆಂಗಳೂರಿನ ಐಟಿ ಕಂಪನಿಗಳಿಗೆ ಇ-ಮೇಲ್ ಕಳಿಸುತ್ತಾ ಕೂರುವುದಕ್ಕಿಂತ ನಿಮ್ಮದೇ ಜಿಲ್ಲೆಯ ಸಿಮೆಂಟ್ ಅಥವಾ ಸಕ್ಕರೆ ಕಾರ್ಖಾನೆಯ ಬಾಗಿಲು ತಟ್ಟುವುದು ಲೇಸು. ಅದಕ್ಕೂ ಮೊದಲು ಟ್ರಸ್ಟ್ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಮಾಡಿಸಿರಬೇಕು ಮತ್ತು ಮೂರು ವರ್ಷಗಳ ಕೆಲಸದ ದಾಖಲೆ ಇರಬೇಕು. ಸಿಎಸ್‌ಆರ್ ಹಣವನ್ನು ಮೂಲನಿಧಿಗೆ ಹಾಕಲು ಬರುವುದಿಲ್ಲ ಎಂಬುದನ್ನು ಅನೇಕ ಟ್ರಸ್ಟುಗಳು ತಡವಾಗಿ ತಿಳಿಯುತ್ತವೆ. ಅಲ್ಲಿ ಕೇಳಬೇಕಾದದ್ದು ಆರಂಭ ಮತ್ತು ಅಂತ್ಯವುಳ್ಳ ಕೆಲಸಕ್ಕೆ: 30 ತೈಲಚಿತ್ರಗಳ ಸಂರಕ್ಷಣೆ, ತೇವ ನಿಯಂತ್ರಿಸುವ ಯಂತ್ರ, ಉಕ್ಕಿನ ರ‍್ಯಾಕು, ಸಂಗ್ರಹದ ಡಿಜಿಟಲ್ ದಾಖಲಾತಿ, ಹೀಗೆ. ಬಹಳಷ್ಟು ಕಂಪನಿಗಳ ವಾರ್ಷಿಕ ಯೋಜನೆ ಆರ್ಥಿಕ ವರ್ಷದ ಆರಂಭದಲ್ಲೇ ನಿರ್ಧಾರವಾಗುವುದರಿಂದ, ಮಾರ್ಚ್ ಕೊನೆಯಲ್ಲಿ ಓಡಾಡಿ ಪ್ರಯೋಜನ ಕಡಿಮೆ.

ಸಣ್ಣ ದಾನಿಗಳನ್ನು ನೀವು ಪತ್ರದಲ್ಲಿ ಪ್ರಸ್ತಾಪಿಸಿಯೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ನಿಮ್ಮ ನಿಜವಾದ ಬಲ ಅಲ್ಲಿದೆ, ಏಕೆಂದರೆ ಆ ಡ್ರಾಯಿಂಗ್ ಮಾಸ್ತರರ ಕೈಯಲ್ಲಿ ಕಲಿತವರು ಇಂದು ವೈದ್ಯರು, ಎಂಜಿನಿಯರುಗಳು, ವರ್ತಕರಾಗಿ ಊರ ತುಂಬ ಇದ್ದಾರೆ. ಅವರನ್ನು "ಸಂಗ್ರಹಾಲಯಕ್ಕೆ ಸಹಾಯ ಮಾಡಿ" ಎಂದು ಕೇಳಬೇಡಿ. ಒಂದು ಚಿತ್ರವನ್ನು ಗೋಡೆಯಿಂದ ಇಳಿಸಿ, ಮೇಜಿನ ಮೇಲೆ ಬೋರಲು ಹಾಕಿ, ಹಿಂಬದಿಯ ಕ್ಯಾನ್ವಾಸಿನಲ್ಲಿ ಕಂದುಬಣ್ಣಕ್ಕೆ ತಿರುಗಿರುವ ನೀರಿನ ಕಲೆ, ಚೌಕಟ್ಟಿನ ಮೂಲೆಯಲ್ಲಿ ಗೆದ್ದಲು ತಿಂದ ಪುಡಿ, ತುಕ್ಕು ಹಿಡಿದ ಮೊಳೆ ಇವನ್ನು ತೋರಿಸಿ, ಇದೊಂದನ್ನು ಸರಿಪಡಿಸಲು ಇಷ್ಟು ಬೇಕು ಎಂದು ಅಂದಾಜು ಪಟ್ಟಿ ಮುಂದಿಡಿ. ಅಂದಾಜನ್ನು ತಜ್ಞರಿಂದಲೇ ಪಡೆಯಿರಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಕಲೆ, ಪರಂಪರೆಯ ರಕ್ಷಣೆಗೆ ದುಡಿಯುವ ಸಂಸ್ಥೆಯಾದ ಇಂಟ್ಯಾಕ್‌ನ ಕಲಾಕೃತಿ ಸಂರಕ್ಷಣಾ ಕೇಂದ್ರವಿದೆ. ಪರಿಷತ್ತು ಪ್ರತಿ ವರ್ಷ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯನ್ನು ನೋಡಿ ಬಂದವರು ತಮ್ಮ ಊರಲ್ಲೂ ಸಂತೆ ಮಾಡಿ ಹಣ ಎತ್ತೋಣ ಎನ್ನುವುದುಂಟು. ಕುಮಾರಕೃಪಾ ರಸ್ತೆಯ ಜನಜಂಗುಳಿ ಜಿಲ್ಲಾ ಕೇಂದ್ರದಲ್ಲಿ ಸೇರುವುದಿಲ್ಲ, ಶಾಮಿಯಾನದ ಬಾಡಿಗೆ ಕೊಟ್ಟ ಮೇಲೆ ಉಳಿಯುವುದು ಅಷ್ಟರಲ್ಲೇ ಇದೆ.

ತೆರಿಗೆ ವಿನಾಯಿತಿಯನ್ನೇ ಮುಂದೆ ಮಾಡಿ ಕೇಳುವ ಕಾಲವೂ ಹೋಗುತ್ತಿದೆ. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೆ 80ಜಿ ಲಾಭ ಸಿಗುವುದಿಲ್ಲ. ಹಳೆಯ ಪದ್ಧತಿಯವರಿಗೂ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಅನ್ವಯಿಸುವುದಿಲ್ಲ. ರಸೀದಿ ಮಾತ್ರ ಅಂದೇ ಹೋಗಬೇಕು.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಊರಿನವರು ಮತ್ತು ಅಲ್ಲಿನ ಕನ್ನಡ ಕೂಟವೊಂದು ನಮ್ಮ ಗ್ಯಾಲರಿಗೆ ಹಣ ಕಳಿಸುವುದಾಗಿ ಹೇಳುತ್ತಿದ್ದಾರೆ. ಟ್ರಸ್ಟಿನ ಉಳಿತಾಯ ಖಾತೆಯ ಸಂಖ್ಯೆ ಕೊಡಬಹುದೇ?
— ಖಜಾಂಚಿ, ಕಲಾ ಟ್ರಸ್ಟ್

ಉತ್ತರ: ಎಲ್ಲರಿಗೂ ಕೊಡಬೇಡಿ. ಭಾರತದ ಪೌರತ್ವವನ್ನು ಉಳಿಸಿಕೊಂಡಿರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅವರ ಪಾಸ್‌ಪೋರ್ಟಿನ ಪ್ರತಿ ಪಡೆದಿಟ್ಟುಕೊಳ್ಳಿ. ಅಮೆರಿಕದ ಪೌರತ್ವ ಪಡೆದವರು, ಕೈಯಲ್ಲಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಕಾನೂನಿನ ದೃಷ್ಟಿಯಲ್ಲಿ ವಿದೇಶಿ ಮೂಲವೇ. ಕನ್ನಡ ಕೂಟವಂತೂ ಅಲ್ಲಿ ನೋಂದಾಯಿತ ಸಂಸ್ಥೆ. ಇವರಿಂದ ಪಡೆಯಲು 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ನೇರವಾಗಿ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ನೋಂದಣಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಅಸ್ತಿತ್ವ ಮತ್ತು ಆ ಅವಧಿಯಲ್ಲಿ ಉದ್ದೇಶಿತ ಕೆಲಸಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚಾಗಿರುವ ಲೆಕ್ಕ ಕೇಳುತ್ತಾರೆ. ಅಲ್ಲಿಯವರೆಗೆ ಒಂದು ರೂಪಾಯಿಯನ್ನೂ ಸ್ವೀಕರಿಸಬೇಡಿ.

ಪ್ರಶ್ನೆ: ಸಿಬ್ಬಂದಿಗೆ ಸಂಬಳ ಕೊಡಲು ಸಂಗ್ರಹದ ಒಂದು ಚಿತ್ರವನ್ನು ಮಾರಿದರೆ ತಪ್ಪೇ?
— ಓದುಗರು, ಧಾರವಾಡ

ಉತ್ತರ: ತಪ್ಪು. ಅಂತರರಾಷ್ಟ್ರೀಯ ಸಂಗ್ರಹಾಲಯ ಮಂಡಳಿಯ ನೀತಿಸಂಹಿತೆಯ ಪ್ರಕಾರ, ಸಂಗ್ರಹದ ವಸ್ತುವನ್ನು ವಿಲೇವಾರಿ ಮಾಡಿ ಬಂದ ಹಣ ಸಂಗ್ರಹಕ್ಕೇ ವಿನಿಯೋಗವಾಗಬೇಕು, ದಿನನಿತ್ಯದ ಖರ್ಚಿಗಲ್ಲ. ಅದನ್ನು ಬದಿಗಿಟ್ಟು ಯೋಚಿಸಿದರೂ, ಕಲಾವಿದನ ಮನೆಯವರು ನಂಬಿ ಕೊಟ್ಟ ಚಿತ್ರವೊಂದು ಮಾರಾಟವಾಯಿತೆಂಬ ಸುದ್ದಿ ಹಬ್ಬಿದರೆ ಇನ್ನೊಬ್ಬರು ನಿಮಗೆ ಚಿತ್ರ ಕೊಡುವುದಿಲ್ಲ. ಸಂಬಳಕ್ಕೆ ಎರಡು ತಿಂಗಳ ಕೊರತೆಯಿದ್ದರೆ ಟ್ರಸ್ಟಿಗಳಿಂದ ಬಡ್ಡಿಯಿಲ್ಲದ ಕೈಸಾಲ ಪಡೆದು, ಅದನ್ನು ಠರಾವಿನಲ್ಲಿ ದಾಖಲಿಸಿ.