ಸೋರೆ ಬುರುಡೆಯ ಗುಬ್ಬಿಗೂಡು

ಪ್ರಶ್ನೆ: ಗುಬ್ಬಿಗೂಡಿಗೆಂದು ಸೋರೆಕಾಯಿ ಒಣಗಲಿಟ್ಟು ತಿಂಗಳಾಯಿತು. ಮೈತುಂಬ ಕಪ್ಪು ಬೂಸ್ಟು. ಎಸೆಯಬೇಕೇ? ತೂತು ಎಷ್ಟಿರಬೇಕು?
— ಓದುಗರು, ಶಿರಸಿ

ಉತ್ತರ: ಎಸೆಯಬೇಡಿ. ಒಳಗಿನ ನೀರು ಸಿಪ್ಪೆಯ ಮೂಲಕ ಆರುವಾಗ ಬೂಸ್ಟು ಬರುವುದು ಸಹಜ. ಬೆರಳಿನಿಂದ ಒತ್ತಿ ನೋಡಿ: ಗಟ್ಟಿಯಿದ್ದರೆ ಸರಿ, ಮೆತ್ತಗೆ ತಗ್ಗಿದರೆ ಕೊಳೆತಿದೆ. ಎಳೆಗಾಯಿ ಮಾತ್ರ ಮುದುಡಿ ಹಾಳಾಗುತ್ತದೆ. ಬಳ್ಳಿಯಲ್ಲೇ ಬಲಿತು ತೊಟ್ಟು ಒಣಗಿದ್ದೇ ಬೇಕು. ಗಾಳಿಯಾಡುವ ಕಡೆ ತೂಗುಹಾಕಿ. ಮೂರರಿಂದ ಆರು ತಿಂಗಳು ಹಿಡಿದೀತು, ನಿಮ್ಮ ಕಡೆಯ ಮಳೆಗಾಲದಲ್ಲಿ ಇನ್ನೂ ತಡ. ಅಲ್ಲಾಡಿಸಿದಾಗ ಬೀಜ ಗಲಗಲ ಎಂದರೆ ಒಣಗಿತು.

ಆಮೇಲೆ ನೀರಲ್ಲಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ, ಮತ್ತೆ ಒಣಗಿಸಿ. ಹೊಟ್ಟೆ ಅಗಲವಾಗಿರುವಲ್ಲಿ, ತಳದಿಂದ 4–5 ಇಂಚು ಮೇಲೆ 32 ಮಿ.ಮೀ. ತೂತು ಕೊರೆಯಿರಿ. 50 ಮಿ.ಮೀ. ಮಾಡಿದಿರೋ, ಗೊರವಂಕ ಬಂದು ಕೂತೀತು! ಒಳಗಿನ ತಿರುಳು ಕೆರೆಯುವಾಗ ಮೂಗಿಗೆ ಮಾಸ್ಕ್ ಕಡ್ಡಾಯ, ಆ ದೂಳು ಗಂಟಲಿಗೆ ಕೆಟ್ಟದ್ದು. ತಳಕ್ಕೆ 6 ಮಿ.ಮೀ.ನ ನಾಲ್ಕು ತೂತು, ಕತ್ತಿನ ಬಳಿ ಗಾಳಿಗೆ ಎರಡು. ವಾರ್ನಿಷ್ ಹೊರಗೆ ಮಾತ್ರ. ಬಾಗಿಲ ಮುಂದೆ ಕೂರುವ ಕಡ್ಡಿ ಬೇಡ. ಗುಬ್ಬಿಗೆ ಅದು ಬೇಕಿಲ್ಲ, ಕಾಗೆಗೆ ಅನುಕೂಲ.

ಸೂರಿನ ಕೆಳಗೆ, 8–10 ಅಡಿ ಎತ್ತರದಲ್ಲಿ, ಓಲಾಡದಂತೆ ಗೋಡೆಗೆ ತಂತಿಯಿಂದ ಬಿಗಿಯಿರಿ.