ಪದ–ಪ್ರಶ್ನೆ: ‘ರೆಸಿಲಿಯಂಟ್’ಗೆ ಕನ್ನಡವೇನು?

ಜೋರು ಮಳೆಗೆ ಲೋಕಲ್ ರೈಲು ನಿಂತ ಮರುದಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ರೆಸಿಲಿಯಂಟ್ ಮುಂಬೈ’ ಅನ್ನುವ ಮಾತು ಬರುತ್ತದೆ. ನಮ್ಮ ಸಂಘದ ಸಂಚಿಕೆಗೆ ಅನುವಾದ ಮಾಡುವಾಗ ‘ಸಹನಶೀಲ’ ಎಂದು ಬರೆದೆ. ಗೆಳೆಯರು ‘ಸ್ಥಿತಿಸ್ಥಾಪಕ’ ಆಗಬೇಕು ಅನ್ನುತ್ತಾರೆ. ಯಾವುದು ಸರಿ?
– ಓದುಗರು, ಡೊಂಬಿವಲಿ

ಎರಡೂ ಒಪ್ಪುವುದಿಲ್ಲ. ಸಹನಶೀಲ ಪೆಟ್ಟು ತಿಂದು ಸುಮ್ಮನಿರುತ್ತಾನೆ. ಮತ್ತೆ ಮೊದಲಿನಂತಾದನೋ ಇಲ್ಲವೋ, ಆ ಪದ ಹೇಳುವುದಿಲ್ಲ. ‘ಸ್ಥಿತಿಸ್ಥಾಪಕ’ ಭೌತವಿಜ್ಞಾನದ ಪಠ್ಯದ ಮಾತು, ರಬ್ಬರಿಗೆ ಸರಿ, ಊರಿಗೆ ಹಚ್ಚಿದರೆ ನಗು ಬರುತ್ತದೆ.

ಮೂಲ ಲ್ಯಾಟಿನ್ನಿನ ‘ರೆಸಿಲಿರೆ’. ‘ರೆ’ ಅಂದರೆ ಹಿಂದಕ್ಕೆ, ‘ಸಲಿರೆ’ ಅಂದರೆ ನೆಗೆ. ಚೆಂಡಿನ ವಿಷಯದಲ್ಲಿ ನಾವು ‘ಪುಟಿಯಿತು’ ಅನ್ನುವುದೂ ಇದನ್ನೇ. ಆದ್ದರಿಂದ ಈ ಪದಕ್ಕೆ ಮೂರು ಬೇಕು: ಪೆಟ್ಟು ಬೀಳಬೇಕು, ಬಾಗಬೇಕು, ತಿರುಗಿ ಏಳಬೇಕು. ‘ಜಗ್ಗದ’, ‘ಅಲುಗದ’ ಎಂದು ಅನುವಾದಿಸುವವರು ನಡುವಿನದನ್ನೇ ಮರೆಯುತ್ತಾರೆ. ಗಾಳಿಗೆ ಅಲುಗದೆ ನಿಂತ ಹೆಮ್ಮರ ರೆಸಿಲಿಯಂಟ್ ಅಲ್ಲ. ಬಾಗಿ ಎದ್ದ ಬಿದಿರು ಹೌದು, ತುಳಿದಷ್ಟೂ ಚಿಗುರುವ ಗರಿಕೆ ಇನ್ನೂ ಹೌದು. ಇಲ್ಲಿನ ಮರಾಠಿಯ ‘ಲವಚಿಕ್’ ಬಾಗುವುದನ್ನು ಹೇಳುತ್ತದೆ, ‘ಚಿವಟ್’ ಪಟ್ಟು ಬಿಡದಿರುವುದನ್ನು. ಒಂದೊಂದೂ ಅರ್ಧರ್ಧ.

ಕನ್ನಡದಲ್ಲಿ ಇದಕ್ಕೆ ಒಂದೇ ವಿಶೇಷಣ ಹುಡುಕುತ್ತ ಕೂರಬೇಡಿ, ಕ್ರಿಯಾಪದಕ್ಕೆ ಬನ್ನಿ. ವ್ಯಕ್ತಿಯಾದರೆ ‘ಬಿದ್ದರೂ ಚೇತರಿಸಿಕೊಳ್ಳುವ’, ಅರ್ಥವ್ಯವಸ್ಥೆಯಾದರೆ ‘ಆಘಾತದಿಂದ ಬೇಗ ಚೇತರಿಸಿಕೊಳ್ಳುವ’, ಬೆಳೆಯ ತಳಿಯಾದರೆ ‘ಹವಾಮಾನದ ಏರುಪೇರು ತಾಳಿಕೊಳ್ಳುವ’. ಒಂದೇ ಪದ ಬೇಕೇಬೇಕಾದರೆ ‘ಪುಟಿದೇಳುವ’. ಫ್ಲಾಟಿನ ಒಳಾಂಗಣದವರು ಹೇಳುವ ‘ರೆಸಿಲಿಯಂಟ್ ಫ್ಲೋರಿಂಗ್’ ವಿನೈಲ್, ಲಿನೋಲಿಯಂನಂಥ, ಒತ್ತಿದರೆ ತಗ್ಗಿ ಮತ್ತೆ ಏಳುವ ನೆಲಹಾಸು. ಅಲ್ಲಿ ಅನುವಾದದ ಗೊಡವೆಯೇ ಬೇಡ.

ಇನ್ನು ನಿಮ್ಮ ‘ರೆಸಿಲಿಯಂಟ್ ಮುಂಬೈ’. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ಮಳೆಯಾದ ಎರಡೇ ದಿನಕ್ಕೆ ಜನ ಕೆಲಸಕ್ಕೆ ಹೊರಟರೆ ಅದನ್ನು ಪುಟಿದೇಳುವುದು ಅನ್ನಬೇಕೋ, ದಿನಗೂಲಿ ತಪ್ಪಿದರೆ ಒಲೆ ಹೊತ್ತದ ನಿರುಪಾಯ ಅನ್ನಬೇಕೋ? ಚರಂಡಿ, ಪಂಪು, ರೈಲು ಬೇಗ ಸರಿಹೋಗಿದ್ದರೆ ಊರಿಗೆ ಈ ಪದ ಸಲ್ಲುತ್ತದೆ. ಜನ ಮಾತ್ರ ಸಹಿಸಿಕೊಂಡಿದ್ದರೆ ನೀವು ಬರೆದ ‘ಸಹನಶೀಲ’ವೇ ಹೆಚ್ಚು ಪ್ರಾಮಾಣಿಕ, ಅನುವಾದವಾಗಿ ತಪ್ಪಾದರೂ!

ಎಂಜಿನಿಯರಿಂಗ್ ಓದುವ ಮಗಳ ಪುಸ್ತಕದಲ್ಲೂ ‘ರೆಸಿಲಿಯನ್ಸ್’ ಇದೆ, ಜೊತೆಗೆ ಸೂತ್ರವೂ ಇದೆ. ಅದೇ ಅರ್ಥವೇ?
– ಓದುಗರು, ಘಾಟ್ಕೋಪರ್

ಅದೇ ಅರ್ಥ, ಆದರೆ ಅಳತೆಗೆ ಸಿಕ್ಕಿದ್ದು. ವಸ್ತು ಶಾಶ್ವತವಾಗಿ ಸೊಟ್ಟಗಾಗದೆ ಎಷ್ಟು ಶಕ್ತಿ ಹೀರಿಕೊಂಡು ಹಿಂದಿರುಗಿಸಬಲ್ಲದು ಎಂಬ ಲೆಕ್ಕ. ಇಳುವರಿ ಒತ್ತಡದ (‘ಯೀಲ್ಡ್ ಸ್ಟ್ರೆಸ್’, ವಸ್ತು ಶಾಶ್ವತವಾಗಿ ಸೊಟ್ಟಗಾಗತೊಡಗುವ ಒತ್ತಡ) ವರ್ಗವನ್ನು ಯಂಗ್ ಗುಣಾಂಕದ (ವಸ್ತು ಎಷ್ಟು ಬಿಗಿ ಎಂಬುದರ ಅಳತೆ) ಎರಡರಷ್ಟರಿಂದ ಭಾಗಿಸಬೇಕು. ಸಾಧಾರಣ ಮೃದು ಉಕ್ಕಿಗೆ ಇವನ್ನು ಕ್ರಮವಾಗಿ 250 ಮೆಗಾಪ್ಯಾಸ್ಕಲ್ ಮತ್ತು 2,00,000 ಮೆಗಾಪ್ಯಾಸ್ಕಲ್ ಹಿಡಿದರೆ, ಘನಮೀಟರಿಗೆ ಸುಮಾರು 156 ಕಿಲೋಜೌಲ್. ಇಳುವರಿ ಒತ್ತಡ ಇಮ್ಮಡಿಯಾದರೆ ಈ ಶಕ್ತಿ ನಾಲ್ಕು ಪಟ್ಟು. ಸ್ಪ್ರಿಂಗಿಗೆ ಗಟ್ಟಿ ಉಕ್ಕು ಬೇಕಾಗುವುದು ಇದಕ್ಕೇ. ಮಿತಿ ಮೀರಿ ಎಳೆದ ಸ್ಪ್ರಿಂಗ್ ಹಿಂದಿನ ಉದ್ದಕ್ಕೆ ಬರುವುದಿಲ್ಲ. ತುಂಡಾಗದಿದ್ದರೂ ಅದರ ಕೆಲಸ ಮುಗಿಯಿತು. ತುಂಡಾಗುವವರೆಗೆ ಹೀರುವ ಒಟ್ಟು ಶಕ್ತಿಗೆ ಬೇರೆ ಹೆಸರಿದೆ, ‘ಟಫ್‌ನೆಸ್’. ಪರೀಕ್ಷೆಯಲ್ಲಿ ಅಂಕ ಹೋಗುವುದು ಸಾಮಾನ್ಯವಾಗಿ ಇವೆರಡನ್ನು ಅದಲುಬದಲು ಮಾಡಿ.

ಕೋರ್ಟಿನ ಆದೇಶವೊಂದರಲ್ಲಿ ಸಾಕ್ಷಿ ‘ರಿಸೈಲ್ಡ್’ ಎಂದಿತ್ತು. ಚೇತರಿಸಿಕೊಂಡ ಎಂದೇ?
– ಓದುಗರು, ವಾಶಿ

ಅಲ್ಲವೇ ಅಲ್ಲ, ಹೇಳಿಕೆಯಿಂದ ಹಿಂದೆ ಸರಿದ ಎಂದು. ಆಡುಮಾತಿನಲ್ಲಿ ಉಲ್ಟಾ ಹೊಡೆದ. ಧಾತು ಅದೇ ‘ಹಿಂದಕ್ಕೆ ನೆಗೆ’. ಚೆಂಡು ಹಿಂದಕ್ಕೆ ನೆಗೆದರೆ ಮೆಚ್ಚುಗೆ, ಸಾಕ್ಷಿ ನೆಗೆದರೆ ಪಾಟೀಸವಾಲು.

ಉಚ್ಚಾರ, ಕಾಗುಣಿತ?
– ಓದುಗರು, ಮಾಟುಂಗಾ

ಇಂಗ್ಲಿಷಿನಲ್ಲಿ ‘ರಿಝಿಲಿಯಂಟ್’, ಒತ್ತು ‘ಝಿ’ ಮೇಲೆ. ಕನ್ನಡ ಅಚ್ಚಿನಲ್ಲಿ ‘ರೆಸಿಲಿಯಂಟ್’ ರೂಢಿಯಾಗಿದೆ, ಇರಲಿ. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ‘ಎನ್’, ‘ಟಿ’ಗಳ ಹಿಂದೆ ಬರುವುದು ‘ಇ’ ಅಕ್ಷರ, ‘ಎ’ ಅಲ್ಲ.