ಕಡಲಡಿಯಲ್ಲಿ ಗುಹೆ ಎಲ್ಲಿದೆ?

ನಮಸ್ಕಾರ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರದಂತೆ ಕಡಲಡಿಯಲ್ಲಿ ಕೂಡಿಡುವ ಬಗ್ಗೆ ನೀವು ಬರೆದ ‘ಕಡಲಡಿಯ ಕಾರ್ಬನ್ ಖಜಾನೆ’ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ವಿಷಯವೂ ಒಳ್ಳೆಯದೇ. ಆದರೆ ಮೂರನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ತಾಳ್ಮೆ ಕೆಟ್ಟಿತು. ನೀವು ಬರೆದದ್ದು: ‘ನಾರ್ವೆಯವರು ಉತ್ತರ ಸಮುದ್ರದ 800 ಮೀಟರ್ ಆಳದ ದೈತ್ಯ ಗುಹೆಯಲ್ಲಿ ವಿಷಾನಿಲ ತುಂಬಿ ಬೀಗ ಜಡಿದಿದ್ದಾರೆ.’

ಗುಹೆ ಎಲ್ಲಿದೆ? ಅಲ್ಲಿನ ಅನಿಲ ಕ್ಷೇತ್ರವಾದ ಸ್ಲೈಪ್ನರ್‌ನಲ್ಲಿ 1996ರಿಂದ ಇಂಗಾಲದ ಡೈಆಕ್ಸೈಡನ್ನು ಇಳಿಸುತ್ತಿರುವುದು ಉಟ್ಸಿರಾ ಎಂಬ ಮರಳುಗಲ್ಲಿನ ಪದರಕ್ಕೆ. ಅದರ ಗಾತ್ರದಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಕಣಗಳ ನಡುವಿನ ಸಂದು. ಆ ಸಂದೂ ಖಾಲಿಯಿಲ್ಲ, ಉಪ್ಪುನೀರು ತುಂಬಿಕೊಂಡಿದೆ. ಹೊಸದಾಗಿ ಬಂದದ್ದು ಆ ನೀರನ್ನು ತಳ್ಳಿಕೊಂಡೇ ಒಳಹೋಗಬೇಕು. ಗುಹೆ ಎಂದೊಡನೆ ಈ ನೂಕಾಟವೇ ಮಾಯ.

‘ಬೀಗ’ವೂ ಇಲ್ಲ. ಡೈಆಕ್ಸೈಡ್ ಉಪ್ಪುನೀರಿಗಿಂತ ಹಗುರ, ಮೇಲೇರುತ್ತದೆ. ಮೇಲಿನ ಜೇಡಿಗಲ್ಲಿನ ಸಂದುಗಳು ತೀರಾ ಕಿರಿದು. ಅಲ್ಲಿ ತಡೆದು ಅಡ್ಡಕ್ಕೆ ಹರಡುತ್ತದೆ. ಒಂದಷ್ಟು ಕಣಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ, ಒಂದಷ್ಟು ನಿಧಾನವಾಗಿ ನೀರಿನಲ್ಲಿ ಕರಗುತ್ತದೆ. ಕಲ್ಲಿನ ಪದರದಲ್ಲಿ ಬಿರುಕಿದ್ದರೆ, ಹಿಂದೆ ಕೊರೆದ ಹಳೆಯ ಬಾವಿಯ ಸಿಮೆಂಟ್ ಸಡಿಲಿದ್ದರೆ ಸೋರಿಕೆಗೆ ಅದೇ ದಾರಿ. ನಿಮ್ಮ ಲೇಖನದಲ್ಲಿ ಬಾವಿಯ ಸುದ್ದಿಯೇ ಇಲ್ಲ.

ಇನ್ನು ಆ 800. ನಾನು ಕೆಲಸ ಕಲಿಯುವಾಗ ಹಿರಿಯರು ಇಂಥ ಅಂಕಿಗೆ ಸುತ್ತುಹಾಕಿ ‘ಯಾಕೆ?’ ಎಂದಷ್ಟೇ ಬರೆದು ವಾಪಸ್ ಕೊಡುತ್ತಿದ್ದರು. ನಾನೂ ಅದನ್ನೇ ಕೇಳುತ್ತೇನೆ. ಪ್ರತಿ 10 ಮೀಟರ್ ನೀರಿಗೆ ಒತ್ತಡ ಸುಮಾರು 1 ಬಾರ್, ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು, ಏರುತ್ತದೆ. 800 ಮೀಟರಿಗೆ ಸುಮಾರು 80 ಬಾರ್. 74 ಬಾರ್ ಮತ್ತು 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ಡೈಆಕ್ಸೈಡ್ ಅನಿಲವೂ ಅಲ್ಲದ, ದ್ರವವೂ ಅಲ್ಲದ ದಟ್ಟ ಸ್ಥಿತಿಗೆ ಬರುತ್ತದೆ. ಮೇಲೆ 500 ಘನಮೀಟರಿಗೂ ಹೆಚ್ಚು ಜಾಗ ಬೇಡುವ ಒಂದು ಟನ್, ಅಲ್ಲಿ ಎರಡು ಘನಮೀಟರಿನೊಳಗೆ ಅಡಗೀತು. ಆಳಕ್ಕೆ ಹೋಗುವುದೇ ಈ ಲಾಭಕ್ಕಾಗಿ. ಅಷ್ಟಕ್ಕೂ ನೀವು ಅಳೆದದ್ದು ಎಲ್ಲಿಂದ, ಕಡಲ ಮೇಲ್ಮೈಯಿಂದಲೋ ತಳದಿಂದಲೋ? ಒತ್ತಡಕ್ಕೆ ಮೇಲಿನ ನೀರೂ ಲೆಕ್ಕ. ಬಿಸಿ ಏರುವುದು ಮಾತ್ರ ತಳದಿಂದ ಕೆಳಕ್ಕೆ.

ನಾರ್ವೆಯದೇ ಇನ್ನೊಂದು ಅನಿಲ ಕ್ಷೇತ್ರ ಸ್ನೋವಿಟ್ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ‘ಅಲ್ಲಿಯೂ ಯಶಸ್ವಿ’ ಎಂದು. 2008ರಲ್ಲಿ ಡೈಆಕ್ಸೈಡ್ ಇಳಿಸಲು ಶುರುಮಾಡಿದ ಮೇಲೆ ಅಲ್ಲಿ ಒತ್ತಡ ಎಣಿಸಿದ್ದಕ್ಕಿಂತ ಬೇಗ ಏರಿ, 2011ರಲ್ಲಿ ಬೇರೆ ಪದರಕ್ಕೆ ಬದಲಿಸಬೇಕಾಯಿತು. ಮೊದಲಿನ ಪದರದಲ್ಲಿ ನೀರು ಸರಿದುಹೋಗಲು ಸಾಕಷ್ಟು ದಾರಿ ಇರಲಿಲ್ಲ. ಇದಕ್ಕೆ ಎರಡು ಪ್ಯಾರಾ ಕೊಡಿ. ಕೊನೆಯ ಪುಟದ ‘ಭೂತಾಯಿಯ ಮಡಿಲು’ ತೆಗೆದರೆ ಜಾಗ ಸಿಗುತ್ತದೆ.